ಇಪ್ಪತ್ತೊಂದನೇ ಖಾನೆ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಿಮ್ಮ ತಂತ್ರಜ್ಞಾನದ ಪುಟವನ್ನು ಮೊದಲಿನಿಂದಲೂ ಓದುತ್ತಿದ್ದೇನೆ. ಇತ್ತೀಚೆಗೆ ಅದರಲ್ಲಿ ಸುದ್ದಿಗಿಂತ ಲೇವಡಿಯೇ ಜಾಸ್ತಿ. 2024ರಲ್ಲಿ ಲೋಕದ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿದ ಪ್ರಕರಣದ ಬಗ್ಗೆ ಹೋದ ಸಂಚಿಕೆಯಲ್ಲಿ 'ಯಾವನೋ ಪುಣ್ಯಾತ್ಮ ನಿದ್ದೆಗಣ್ಣಲ್ಲಿ ಎಂಟರ್ ಒತ್ತಿದ, ಲೋಕವೆಲ್ಲ ನೀಲಿಯಾಯಿತು' ಎಂದು ಬರೆದಿದ್ದೀರಿ. ನಾನು 18 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಆ ಪುಣ್ಯಾತ್ಮ ನಾನೇ ಆಗಿರಬಹುದಿತ್ತು. ನೀವು ನಕ್ಕಿರಿ. ನನಗೆ ಆ ದಿನ ಎದೆ ಧಸಕ್ಕೆಂದಿತ್ತು. ಸುದ್ದಿಯನ್ನು ಸುದ್ದಿಯ ಹಾಗೆ ಕೊಡಿ, ಸಾಕು. ಹೆಸರು ಹಾಕಬೇಡಿ. ಒಬ್ಬ ಟೆಸ್ಟರ್."

(ಪತ್ರಕ್ಕೆ ಒಂದು ತಾಜಾ ಕಲಂ ಕೂಡ ಇದೆ. ಅದರ ವಿಷಯ ಕೊನೆಗೆ.)

ಸಂಪಾದಕರ ಉತ್ತರ:

ಟೆಸ್ಟರ್ ಅವರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ತಮಾಷೆ ಬೇಡ ಅನ್ನುವ ಪತ್ರಗಳು ನಮಗೆ ಹೊಸದಲ್ಲ. ಅವಕ್ಕೆಲ್ಲ ಎರಡು ಸಾಲಿನ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ. ಅದನ್ನೇ ಕಳಿಸೋಣ ಅಂತ ಕೂತೆ. ಯಾಕೋ ಹೋದ ಸಂಚಿಕೆ ತೆಗೆದು ಆ ಪುಣ್ಯಾತ್ಮನ ಸಾಲನ್ನು ಇನ್ನೊಮ್ಮೆ ಓದಿದೆ. ಅದನ್ನು ಬರೆದವರು ನಮ್ಮ ಅಂಕಣಕಾರರಲ್ಲ. ಅವರು ಬರೆದ ಆರಂಭ ಸಪ್ಪೆ ಅನ್ನಿಸಿ, ಪುಟ ಮುಗಿಸುವ ಹೊತ್ತಿಗೆ ನಾನೇ ಸೇರಿಸಿದ ಸಾಲು ಅದು. ಹಾಗಾಗಿ ಉತ್ತರ ಎರಡು ಸಾಲಿನಲ್ಲಿ ಮುಗಿಯುವ ಹಾಗಿಲ್ಲ.

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆ ಅರ್ಧವನ್ನು ಮೊದಲು ಮುಗಿಸುತ್ತೇನೆ.

ನಿದ್ದೆಗಣ್ಣಲ್ಲಿ ಯಾರೂ ಏನನ್ನೂ ಒತ್ತಿರಲಿಲ್ಲ. 2024ರ ಜುಲೈ 19, ಶುಕ್ರವಾರ, ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಭದ್ರತಾ ತಂತ್ರಾಂಶಕ್ಕೆ ಒಂದು ಚಿಕ್ಕ ಫೈಲ್ ಕಳಿಸಿತು. ಹೊಸ ಬಗೆಯ ದಾಳಿಗಳನ್ನು ಗುರುತು ಹಿಡಿಯಲಿ ಅಂತ ಇಂಥವನ್ನು ಅವರು ಕಳಿಸುತ್ತಲೇ ಇರುತ್ತಾರೆ. ಈ ಫೈಲ್ ನೋಡಬೇಕೆಂದಿದ್ದದ್ದು 21 ಖಾನೆ, ಅಂದರೆ ಒಂದೊಂದು ಮಾಹಿತಿ ಇಡುವ 21 ಜಾಗ. ಅದನ್ನು ಓದುವ ಪ್ರೋಗ್ರಾಂ ಹತ್ತಿರ ಇದ್ದದ್ದು 20. ಇಲ್ಲದ ಇಪ್ಪತ್ತೊಂದನೇ ಖಾನೆ ಹುಡುಕಿಕೊಂಡು ಹೊರಟ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕಾಲಿಟ್ಟಿತು. ಬೇರೆ ಯಾವುದೋ ಮೂಲೆಯಲ್ಲಾದರೆ ಅದೊಂದೇ ಮಲಗುತ್ತಿತ್ತು. ಇದು ಕೂತಿದ್ದದ್ದು ವಿಂಡೋಸ್‌ನ ಗರ್ಭಗುಡಿಯಲ್ಲಿ, ಅಂದರೆ ಕರ್ನೆಲ್‌ನಲ್ಲಿ. ಅಲ್ಲಿ ಎಡವಿದರೆ ಇಡೀ ಯಂತ್ರವೇ ಮಲಗುತ್ತದೆ.

ನಿಮ್ಮಂಥವರಿಗೆ ನಿಜವಾಗಿ ಚುಚ್ಚುವುದು ಇದರ ಮುಂದಿನ ಭಾಗ. ಪರೀಕ್ಷೆಯನ್ನೇ ಮಾಡಿರಲಿಲ್ಲ ಅಂತೇನಿಲ್ಲ. ಮಾಡಿದ್ದರು. ಆದರೆ ಪರೀಕ್ಷೆಯಲ್ಲೂ, ಅದಕ್ಕೆ ಮುಂಚೆ ಹೋಗಿದ್ದ ಫೈಲ್‌ಗಳಲ್ಲೂ 21ನೇ ಖಾನೆಯ ಎದುರು 'ಏನಿದ್ದರೂ ಸರಿ' ಅನ್ನುವ ಗುರುತು ಇತ್ತು. ಏನಿದ್ದರೂ ಸರಿ ಅಂದಮೇಲೆ ಇಣುಕಿ ನೋಡುವವರು ಯಾರು? ಜುಲೈ 19ರ ಫೈಲ್ ಮೊದಲ ಸಲ 'ಅಲ್ಲಿ ಏನಿದೆ ತೋರಿಸು' ಅಂದಿತು. ಫೈಲ್ ಹೊರಗೆ ಹೋಗುವ ಮೊದಲು ತಪಾಸಣೆ ಮಾಡುವ ಇನ್ನೊಂದು ಪ್ರೋಗ್ರಾಂ ಕೂಡ ಇತ್ತು. ಅದೂ 21 ಇವೆ ಅಂದುಕೊಂಡೇ ಪಾಸ್ ಮಾಡಿತು. ಕಳ್ಳ ಯಾರೂ ಇರಲಿಲ್ಲ, ಕಾವಲುಗಾರನಿಗೇ ಲೆಕ್ಕ ತಪ್ಪಿತ್ತು.

ತಪ್ಪು ಗೊತ್ತಾಗಿ ಫೈಲ್ ವಾಪಸ್ ಪಡೆಯಲು ಹಿಡಿದದ್ದು 78 ನಿಮಿಷ. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು ಮಲಗಿದ್ದವು. ವಿಂಡೋಸ್ ಇರುವ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತ ಕಡಿಮೆ. ಆದರೆ ಆ ಕಡಿಮೆಯಲ್ಲೇ ವಿಮಾನ ಕಂಪನಿ, ಆಸ್ಪತ್ರೆ, ಬ್ಯಾಂಕ್ ಎಲ್ಲ ಇದ್ದವು. ಮಲಗಿಸಲು ಒಂದು ಫೈಲ್ ಸಾಕಾಯಿತು. ಏಳಿಸಲು ಮಾತ್ರ ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೂ ಒಬ್ಬರು ಕೂತು, ತೀರಾ ಬೇಕಾದದ್ದಷ್ಟೇ ನಡೆಯುವ ಸೇಫ್ ಮೋಡ್‌ಗೆ ಹೋಗಿ, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ನೀವೂ ಹೀಗೆ ಕೂತಿದ್ದಿರೇನೋ.

ಹಾಗಾದರೆ ನಗಬೇಕಾದದ್ದು ಎಲ್ಲಿ? ಖಾನೆ ಎಣಿಸುವಾಗ ತಪ್ಪಿದ ಕೈಯನ್ನು ನೋಡಿ ಅಲ್ಲ. ಒಂದು ಎಣಿಕೆ ಯಾರಿಗೆ ತಪ್ಪಿಲ್ಲ? ನಮ್ಮ ಪತ್ರಿಕೆಯಲ್ಲೇ ಒಮ್ಮೆ 14ನೇ ಪುಟ ಎರಡು ಸಲ ಬಂದಿತ್ತು. ನಗಬೇಕಾದದ್ದು ಆ ಫೈಲನ್ನು ಲೋಕಕ್ಕೆಲ್ಲ ಒಂದೇ ಏಟಿಗೆ ಕಳಿಸಿದ ಪದ್ಧತಿಯನ್ನು ನೋಡಿ. ಮೊದಲು ಸ್ವಲ್ಪ ಜನಕ್ಕೆ ಕಳಿಸಿ, ಸ್ವಲ್ಪ ಕಾದು, ಎಲ್ಲ ನೆಟ್ಟಗಿದ್ದರೆ ಉಳಿದವರಿಗೆ ಕಳಿಸುವುದು ಈ ಕಸುಬಿನಲ್ಲಿ ಹಳೇ ರೂಢಿ. ಇಂಥ ಫೈಲ್‌ಗಳಿಗೂ ಅದನ್ನೇ ಮಾಡುತ್ತೇವೆ ಅಂತ ಕಂಪನಿ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅದಾದ ಮೇಲಿನ ಕಥೆಯಂತೂ ಇನ್ನೂ ಚೆನ್ನಾಗಿದೆ. ತೊಂದರೆ ಸರಿಪಡಿಸಲು ಒದ್ದಾಡಿದ ಪಾಲುದಾರರಿಗೆ ಕೃತಜ್ಞತೆ ಅಂತ ಕಂಪನಿ ಊಬರ್ ಈಟ್ಸ್‌ನ 10 ಡಾಲರಿನ ಊಟದ ಕೂಪನ್ ಕಳಿಸಿತು. ಕೆಲವರು ಬಳಸಲು ಹೋದರೆ ಕೂಪನ್ ರದ್ದಾಗಿತ್ತು. ಒಂದೇ ಹೊತ್ತಿಗೆ ತುಂಬಾ ಜನ ಬಳಸಿದ್ದು ನೋಡಿ ಊಬರ್‌ನವರು ಮೋಸ ಇರಬೇಕು ಅಂದುಕೊಂಡರಂತೆ. ಕ್ಷಮೆಯೂ ಕ್ರ್ಯಾಶ್ ಆಯಿತು.

ಆದರೆ ಆಗಸ್ಟ್‌ನಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಹ್ಯಾಕರ್‌ಗಳ ದೊಡ್ಡ ಸಮಾವೇಶ ಡೆಫ್‌ಕಾನ್‌ನಲ್ಲಿ 'ಅತಿ ಭಾರೀ ವೈಫಲ್ಯ' ಅಂತ ಒಂದು ಕುಚೋದ್ಯದ ಬಹುಮಾನ ಕೊಟ್ಟರು. ಕ್ರೌಡ್‌ಸ್ಟ್ರೈಕ್‌ನ ಅಧ್ಯಕ್ಷ ಮೈಕೆಲ್ ಸೆಂಟೋನಾಸ್ ತಾವೇ ವೇದಿಕೆ ಹತ್ತಿ ತೆಗೆದುಕೊಂಡರು. ನಮ್ಮ ಮುಖ್ಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತೇವೆ ಅಂದರು. ಆ ಅಧ್ಯಕ್ಷರಿಗೆ ಇದ್ದ ಬುದ್ಧಿ ನನಗೆ ಇರಲಿಲ್ಲ ನೋಡಿ. ಬಹುಮಾನಕ್ಕೆ ಕೈಚಾಚಬೇಕಾದವರು ಯಾರು ಅಂತ ಅವರಿಗೆ ಗೊತ್ತಿತ್ತು. ನಾನು ಅದನ್ನು ಹೆಸರಿಲ್ಲದ ಪುಣ್ಯಾತ್ಮನ ಕೊರಳಿಗೆ ಕಟ್ಟಿದೆ. ತಪ್ಪಾಯಿತು. ಈ ಸಂಚಿಕೆಯ ತಿದ್ದುಪಡಿಯಲ್ಲಿ ಅದನ್ನು ಹಾಕಿದ್ದೇವೆ, ಸಣ್ಣ ಅಕ್ಷರದಲ್ಲಿ ಅಲ್ಲ.

ಇನ್ನರ್ಧ ಒಪ್ಪುವುದಿಲ್ಲ. ಸುದ್ದಿಯನ್ನು ಸುದ್ದಿಯ ಹಾಗೆ ಕೊಡಿ ಅಂದಿದ್ದೀರಿ. ಕಷ್ಟ ಏನೆಂದರೆ, ತಂತ್ರಜ್ಞಾನದ ಸುದ್ದಿ ನಮ್ಮ ಮೇಜಿಗೆ ಸುದ್ದಿಯ ಹಾಗೆ ಬರುವುದೇ ಇಲ್ಲ. ಪತ್ರಿಕಾ ಪ್ರಕಟಣೆಯ ವೇಷ ಹಾಕಿಕೊಂಡು ಬರುತ್ತದೆ. ನನ್ನ ಇನ್‌ಬಾಕ್ಸ್‌ನಲ್ಲಿ ವಾರಕ್ಕೊಂದು ಕ್ರಾಂತಿ ಆಗುತ್ತದೆ. 'ಬಳಕೆದಾರರ ಅನುಭವವನ್ನು ಇನ್ನಷ್ಟು ಸುಗಮಗೊಳಿಸಲಾಗಿದೆ' ಅಂದರೆ ನೀವು ದಿನಾ ಒತ್ತುತ್ತಿದ್ದ ಗುಂಡಿ ಈಗ ಅಲ್ಲಿಲ್ಲ ಅಂತ. 'ಈ ಸುಂದರ ಪಯಣದಲ್ಲಿ ಜೊತೆಗಿದ್ದ ನಿಮಗೆಲ್ಲ ಧನ್ಯವಾದ' ಅಂದರೆ ಅಂಗಡಿ ಮುಚ್ಚುತ್ತಿದ್ದೇವೆ, ಫೋಟೋಗಳನ್ನು ಬೇಗ ಇಳಿಸಿಕೊಳ್ಳಿ ಅಂತ. ಇದನ್ನೆಲ್ಲ ಇದ್ದ ಹಾಗೇ ಅಚ್ಚು ಹಾಕಿದರೆ ಅದು ಸುದ್ದಿಯಲ್ಲ, ಡಂಗುರ. ನಾವೂ ಕೆಲವು ವರ್ಷ ಡಂಗುರ ಸಾರಿದ್ದೇವೆ. ಹಳೇ ಸಂಚಿಕೆ ತೆಗೆದರೆ 'ಕ್ರಾಂತಿಕಾರಿ' ಅನ್ನುವ ಪದ ನನ್ನನ್ನೇ ದಿಟ್ಟಿಸಿ ನೋಡುತ್ತದೆ.

ಹೋದ ವರ್ಷದ ಒಂದು ರಾತ್ರಿಯ ಕಥೆ ಹೇಳಬೇಕು. ಸಂಚಿಕೆ ಬೆಳಗ್ಗೆ ಅಚ್ಚಿಗೆ ಹೋಗಬೇಕು, ಆರು ಪುಟ ಬಾಕಿ. ಪುಟ ಕಟ್ಟುವ ತಂತ್ರಾಂಶ ಪರದೆಯ ಮಧ್ಯಕ್ಕೆ ಬಂದು ನಿಂತಿತು. ಹೊಸ ಆವೃತ್ತಿ ಸಿದ್ಧವಿದೆ: 'ಈಗಲೇ ಹಾಕು', 'ಆಮೇಲೆ ನೆನಪಿಸು'. 'ಬೇಡ' ಅನ್ನುವ ಗುಂಡಿ ಇಲ್ಲ. ಬೇಡ ಅನ್ನುವ ಮನುಷ್ಯನೂ ಇರಬಹುದು ಅಂತ ಅವರಿಗೆ ಹೊಳೆದೇ ಇಲ್ಲ. ನಮ್ಮ ಪುಟವಿನ್ಯಾಸದ ಹುಡುಗಿ ನಾಲ್ಕು ಸಲ 'ಆಮೇಲೆ' ಒತ್ತಿದಳು. ಐದನೇ ಸಲ ಅದು ಕೇಳಲೇ ಇಲ್ಲ. ತಾನೇ ಮುಚ್ಚಿಕೊಂಡಿತು, ಒಂದು ಚಕ್ರ ತಿರುಗಿಸುತ್ತಾ 40 ನಿಮಿಷ ಕೂತಿತು. ಮತ್ತೆ ತೆರೆದಾಗ ಒತ್ತಕ್ಷರಗಳೆಲ್ಲ ಜಾರಿ ಕೆಳಗಿನಿಂದ ಪಕ್ಕಕ್ಕೆ ಬಂದು ನಿಂತಿದ್ದವು. 'ಕಣ್ಣು' ಹೋಗಿ 'ಕಣ್‌ಣು' ಆಗಿತ್ತು. ಆರು ಪುಟ ತುಂಬಾ ಹಾಗೇ. ಅವಳು ಏನೂ ಮಾತಾಡದೆ ಆ ಆವೃತ್ತಿಯ ಟಿಪ್ಪಣಿ ತೆರೆದು ನನಗೆ ತೋರಿಸಿದಳು. ಒಂದೇ ಸಾಲು ಇತ್ತು: 'ಸಣ್ಣಪುಟ್ಟ ಸುಧಾರಣೆಗಳು.' ಆ ಹೊತ್ತಿಗೆ ನಾವಿಬ್ಬರೂ ನಕ್ಕೆವು. ನಗದಿದ್ದರೆ ಕೀಬೋರ್ಡ್ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

ಇನ್ನೊಂದು ಮಾತು. ಕೆಲವು ಸುದ್ದಿಗೆ ನಾವು ತಮಾಷೆ ಸೇರಿಸುವುದೇ ಇಲ್ಲ, ಅದು ಒಳಗೇ ಇರುತ್ತದೆ. ಏರ್ ಕೆನಡಾ ಪ್ರಕರಣವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಸಾವಾಗಿ ಪ್ರಯಾಣ ಮಾಡಬೇಕಿದ್ದ ಒಬ್ಬರಿಗೆ ಆ ವಿಮಾನ ಕಂಪನಿಯ ಚಾಟ್‌ಬಾಟ್ 'ಟಿಕೆಟ್ ಈಗ ತೆಗೆದುಕೊಳ್ಳಿ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಬಹುದು' ಅಂದಿತು. ಹಾಕಿದರೆ, ಹಾಗೆಲ್ಲ ಆಗುವುದಿಲ್ಲ ಅಂತು ಕಂಪನಿ. ವಿಷಯ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿಯ ವಾದ ಹೇಗಿತ್ತೆಂದರೆ, ಆ ಬಾಟ್ ಬೇರೆಯೇ ಒಬ್ಬ ಆಸಾಮಿ, ಅದರ ಮಾತಿಗೆ ಅದೇ ಹೊಣೆ! 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಇದನ್ನು ಒಪ್ಪದೆ ಹಣ ಕೊಡಿಸಿತು. ನಾವು ಇದನ್ನು ನೀವು ಹೇಳಿದ ಹಾಗೆ ಸುದ್ದಿಯ ಥರವೇ ಹಾಕಿದ್ದೆವು. ಆದರೂ 'ಅತಿ ಮಾಡ್ತೀರಿ' ಅಂತ ನಾಲ್ಕು ಪತ್ರ ಬಂದವು.

ಎಕ್ಸೆಲ್ ಕಥೆಯೂ ಅಷ್ಟೇ. ಮನುಷ್ಯನ ಒಂದು ಜೀನ್‌ಗೆ ಮಾರ್ಚ್1 ಅಂತ ಹೆಸರಿತ್ತು, ಇನ್ನೊಂದಕ್ಕೆ ಸೆಪ್ಟ್1. ವಿಜ್ಞಾನಿಗಳು ಟೈಪ್ ಮಾಡಿದ ತಕ್ಷಣ ಎಕ್ಸೆಲ್ ಅವನ್ನು ತಾರೀಕು ಮಾಡಿಬಿಡುತ್ತಿತ್ತು. ಸಂಶೋಧನಾ ಪ್ರಬಂಧಗಳ ಕೋಷ್ಟಕಗಳಲ್ಲಿ ಜೀನ್ ಇರಬೇಕಾದ ಕಡೆ ಮಾರ್ಚ್ ಒಂದನೇ ತಾರೀಕು. ವರ್ಷಗಟ್ಟಲೆ ಗೋಳಾಡಿ, 2020ರಲ್ಲಿ ಹೆಸರಿಡುವ ಸಮಿತಿಯವರು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಎಕ್ಸೆಲ್‌ನ ಈ ಚಾಳಿಯನ್ನು ನಿಲ್ಲಿಸಲು ಗುಂಡಿ ಬಂದದ್ದು 2023ರಲ್ಲಿ. ನೆಗಡಿಗೆ ಮೂಗು ಕೊಯ್ದುಕೊಂಡರಂತೆ ಅನ್ನುವುದನ್ನು ಗಾದೆ ಅಂದುಕೊಂಡಿದ್ದೆ. ನೀವೇ ಹೇಳಿ, ಇದನ್ನು ಗಂಭೀರವಾಗಿ ಬರೆಯುವುದು ಹೇಗೆ? ಪ್ರಯತ್ನಪಟ್ಟೆ, ಎರಡನೇ ಸಾಲಿಗೇ ಸೋತೆ.

ನಗದೆ ಬರೆದದ್ದೂ ಇದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ಬೇರೇನೋ ವೇಗ ಪರೀಕ್ಷೆ ಮಾಡುತ್ತಿದ್ದರು. ಲಾಗಿನ್ ಆಗಲು ಎಂದಿಗಿಂತ ಸುಮಾರು 500 ಮಿಲಿಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನ್ನಿಸಿತು. ಅಂದರೆ ಅರ್ಧ ಸೆಕೆಂಡ್. ನಾನಾಗಿದ್ದರೆ ಅಷ್ಟರಲ್ಲಿ ಒಂದು ಆಕಳಿಕೆಯನ್ನೂ ಮುಗಿಸುತ್ತಿರಲಿಲ್ಲ. ಅವರು ಜಾಡು ಹಿಡಿದು ಹೋದರು. ಲಿನಕ್ಸ್ ಯಂತ್ರಗಳಲ್ಲಿ ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಯಾರೋ ಯಂತ್ರಗಳಿಗೆ ಕದ್ದು ನುಗ್ಗಲು ಹಿಂಬಾಗಿಲು ಇಟ್ಟಿದ್ದರು. ಎರಡು ವರ್ಷಕ್ಕೂ ಜಾಸ್ತಿ ಸಹಾಯಕ್ಕೆ ಬಂದವರಂತೆ ನಂಬಿಕೆ ಗಳಿಸಿಕೊಂಡು ಮಾಡಿದ ಕೆಲಸ ಅದು. ಎಲ್ಲ ಸರ್ವರ್‌ಗಳಿಗೆ ಹರಡುವ ಮೊದಲೇ ಸಿಕ್ಕಿಬಿತ್ತು. ಅರ್ಧ ಸೆಕೆಂಡನ್ನು 'ಏನಿದ್ದರೂ ಸರಿ' ಅನ್ನದೆ ಹೋದದ್ದರಿಂದ ಸಿಕ್ಕಿತು. ಆ ಸಲ ಪುಟದಲ್ಲಿ ಒಂದು ತಮಾಷೆಯೂ ಇರಲಿಲ್ಲ. ಅದಕ್ಕೊಂದೂ ಪತ್ರ ಬರಲಿಲ್ಲ ಅನ್ನುವುದನ್ನು ಸುಮ್ನೆ ಹೇಳಿಟ್ಟಿರುತ್ತೇನೆ.

ನಿಮ್ಮ ಕಸುಬಿನ ಪಾಡೇ ಅದು ಅಲ್ವಾ? ನೀವು ಹಿಡಿದ ತಪ್ಪು ಸುದ್ದಿಯಾಗುವುದಿಲ್ಲ, ಬಿಟ್ಟ ತಪ್ಪು ಮುಖಪುಟಕ್ಕೆ ಬರುತ್ತದೆ. ವರ್ಷವನ್ನು ಎರಡಂಕಿಯಲ್ಲಿ ಬರೆಯುತ್ತಿದ್ದ ಕಂಪ್ಯೂಟರ್‌ಗಳು 00 ಅಂದರೆ 1900 ಅಂದುಕೊಂಡು ಕೈಕೊಡುತ್ತವೆ ಅನ್ನುವ ಭಯವಿತ್ತು. 2000ನೇ ಇಸವಿ ಬಂದಾಗ ಲೋಕ ನಿಂತುಹೋಗಲಿಲ್ಲ. ಅದಕ್ಕೆ ಮೊದಲು ಎಷ್ಟೋ ಜನ ಕೂತು ಎರಡಂಕಿಯ ವರ್ಷಗಳನ್ನು ನಾಲ್ಕಂಕಿ ಮಾಡಿದ್ದರು. ಆಮೇಲೆ 'ಏನೂ ಆಗಲಿಲ್ಲ, ಎಲ್ಲ ಸುಳ್ಳು ಗಾಬರಿ' ಅಂತ ಅವರನ್ನೇ ಆಡಿಕೊಂಡರು. ಆಡಿಕೊಂಡವರಲ್ಲಿ ಪತ್ರಿಕೆಯವರೇ ಮುಂದಿದ್ದರು. 2038ರ ಜನವರಿ 19ರಂದು ಇನ್ನೊಂದು ಇಂಥದೇ ಕಾದಿದೆ. 1970ರಿಂದ ಸೆಕೆಂಡ್ ಎಣಿಸುತ್ತಾ ಬಂದಿರುವ 32 ಬಿಟ್‌ನ ಹಳೇ ಗಡಿಯಾರಗಳಿಗೆ ಆವತ್ತು ಎಣಿಕೆ ತುಂಬಿಹೋಗುತ್ತದೆ. ಆವತ್ತು ಏನೂ ಆಗದಿದ್ದರೆ ನಿಮ್ಮವರಿಗೆ ಒಂದು ಇಡೀ ಪುಟ ಕೊಡುತ್ತೇವೆ. ಆ ಹೊತ್ತಿಗೆ ಈ ಕುರ್ಚಿಯಲ್ಲಿ ನಾನಿರುವುದಿಲ್ಲ, ಚೀಟಿ ಬರೆದಿಟ್ಟು ಹೋಗುತ್ತೇನೆ.

ಈಗ ನಿಮ್ಮ ತಾಜಾ ಕಲಂ. 'ನಿಮ್ಮ ಚಂದಾ ಅರ್ಜಿಯಲ್ಲಿ ಶುರುವಾಗುವ ದಿನ ಫೆಬ್ರವರಿ 30 ಅಂತ ಹಾಕಿದರೂ ಒಪ್ಪಿಕೊಳ್ಳುತ್ತದೆ, ನೋಡಿ' ಅಂದಿದ್ದೀರಿ. ನೋಡಿದೆ. ಒಪ್ಪಿಕೊಂಡಿತು. ಧನ್ಯವಾದ ಹೇಳಿ, ರಸೀದಿಯನ್ನೂ ಕೊಟ್ಟಿತು.

ಆ ಅರ್ಜಿಯ ಪ್ರೋಗ್ರಾಂ ಬರೆದ ಹುಡುಗನನ್ನು ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡು, 'ಸಾರ್, ಟೆಸ್ಟ್ ಮಾಡೋಕೆ ಎರಡು ದಿನ ಬೇಕು ಅಂತ ಮೇಲ್ ಹಾಕಿದ್ದೆ' ಅಂದ. ಹುಡುಕಿದೆ. ಅವನ ಮೇಲ್ ಇತ್ತು. ಕೆಳಗೆ ನನ್ನ ಉತ್ತರವೂ ಇತ್ತು: 'ಬರೀ ಅರ್ಜಿ ತಾನೇ, ರಾಕೆಟ್ ಅಲ್ಲವಲ್ಲ. ಇವತ್ತೇ ಬಿಡಿ.'

ಸರಿ ಮಾಡಿಸಿದ್ದೇನೆ. ಈಗ ಫೆಬ್ರವರಿ 30 ಹಾಕಿದರೆ ಒಪ್ಪುವುದಿಲ್ಲ. ಆದರೆ ಪರೀಕ್ಷೆಗೆ ಅಂತ ನೀವು ತುಂಬಿದ ಅರ್ಜಿ ನಮ್ಮ ಪಟ್ಟಿಯಲ್ಲಿ ಹಾಗೇ ಉಳಿದಿದೆ. ಅಳಿಸಲು ಹೋದರೆ 'ಇಂಥ ದಿನಾಂಕ ಇಲ್ಲ' ಅನ್ನುತ್ತಿದೆ. ಹುಡುಗ ಎರಡು ದಿನ ಕೇಳಿದ್ದಾನೆ, ಕೊಟ್ಟಿದ್ದೇನೆ.

— ಸಂ.