ಅಮೆರಿಕದಲ್ಲಿ ಹಳೆಯ ಟಿವಿ, ಕಂಪ್ಯೂಟರುಗಳ ಮರುಬಳಕೆಯ ಖರ್ಚನ್ನು ಯಾರು ಭರಿಸುತ್ತಾರೆ?

ಇದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರವಿಲ್ಲ. ಇ-ತ್ಯಾಜ್ಯದ ಮರುಬಳಕೆಗೆ ಸಮಗ್ರವಾದ ಒಕ್ಕೂಟ ಕಾನೂನು ಇಲ್ಲದ್ದರಿಂದ ಸುಮಾರು ಅರ್ಧದಷ್ಟು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ.

2003ರಲ್ಲಿ ಕಾನೂನು ತಂದ ಕ್ಯಾಲಿಫೋರ್ನಿಯಾದಲ್ಲಿ ಹಣ ಕೊಡುವವನು ಗ್ರಾಹಕ. ಹೊಸ ಟಿವಿ ಅಥವಾ ಮಾನಿಟರ್ ಕೊಂಡಾಗ ಪರದೆಯ ಅಳತೆಗೆ ತಕ್ಕಂತೆ, ಆರಂಭದಲ್ಲಿ 6ರಿಂದ 10 ಡಾಲರಿನಷ್ಟಿದ್ದ ಶುಲ್ಕವು ಬಿಲ್ಲಿನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಅದು ರಾಜ್ಯದ ನಿಧಿಗೆ ಸೇರಿ, ಅಲ್ಲಿಂದ ಸಂಗ್ರಾಹಕರಿಗೂ ಮರುಬಳಕೆದಾರರಿಗೂ ತೂಕದ ಲೆಕ್ಕದಲ್ಲಿ ಪಾವತಿಯಾಗುತ್ತದೆ.

ಮೇನ್ ರಾಜ್ಯದ 2004ರ ಕಾನೂನಿನಿಂದ ಮೊದಲ್ಗೊಂಡು, ಕಾನೂನು ಮಾಡಿಕೊಂಡ ಉಳಿದ ಬಹುತೇಕ ರಾಜ್ಯಗಳು ಹೊರೆಯನ್ನು ಉತ್ಪಾದಕರ ಮೇಲೆ ಹಾಕಿವೆ. ಯೂಟಾ ಮಾತ್ರ ಜನಜಾಗೃತಿಯಲ್ಲೇ ತೃಪ್ತಿಪಟ್ಟಿದೆ.

ಉತ್ಪಾದಕರ ಹೊಣೆಯೇ ನ್ಯಾಯವೆಂದು ನನಗನ್ನಿಸಿದರೂ, ಕಂಪನಿಗಳು ಮರುಬಳಕೆ ಮಾಡಿಸಬೇಕಾದ ಗುರಿಯನ್ನು ತೂಕದಲ್ಲಿ ನಿಗದಿಪಡಿಸಿದರೆ ಅದು ಸುಲಭವಾಗಿ ದಾರಿ ತಪ್ಪುತ್ತದೆ. ಸೀಸದ ಗಾಜಿನ ಹಳೆಯ ಟಿವಿಗಳು ಬಲು ಭಾರ, ಇಂದು ಮಾರಾಟವಾಗುವ ಚಪ್ಪಟೆ ಪರದೆಗಳು ಹಗುರ; ಹೀಗಾಗಿ ಇಲಿನಾಯ್‌ನಲ್ಲಿ ಕಂಪನಿಗಳ ಗುರಿ ಬೇಗ ಮುಟ್ಟಿ, ಮಿಕ್ಕ ರಾಶಿಯ ಖರ್ಚು ಸ್ಥಳೀಯ ಸಂಸ್ಥೆಗಳ ತಲೆಗೆ ಬಂತು. ಅದಕ್ಕಾಗಿಯೇ ಆ ರಾಜ್ಯವು 2017ರಲ್ಲಿ ಕಾನೂನು ಬದಲಿಸಿ, ತೂಕದ ಬದಲು ಯೋಜನೆಗೆ ಸೇರಿದ ಪ್ರತಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಲ್ಲಿನ ಜನಸಾಂದ್ರತೆಗೆ ತಕ್ಕಷ್ಟು ಸಂಗ್ರಹ ಕೇಂದ್ರಗಳಿರಬೇಕೆಂಬ ಮಾನದಂಡವನ್ನು ಅಳವಡಿಸಿಕೊಂಡಿತು.