ವಿದ್ಯುತ್ ಉಕ್ಕಿನ ಕುಲುಮೆಯ ಹಳೆಯ ಇಟ್ಟಿಗೆಯನ್ನು ಅದೇ ಕುಲುಮೆಗೆ ಮತ್ತೆ ಹಾಕಬಹುದೇ?

ಹಾಕಬಹುದು. ಗೋಡೆ ಕಟ್ಟಲು ಅಲ್ಲ, ಒಡೆದು ಸುಣ್ಣದ ಜೊತೆ ಸ್ಲ್ಯಾಗ್‌ಗೆ, ಅಂದರೆ ಕರಗಿದ ಉಕ್ಕಿನ ಮೇಲೆ ತೇಲುವ ಕಿಟ್ಟಕ್ಕೆ ಸೇರಿಸಲು.

ಈ ಕುಲುಮೆಯ ಒಳಗೋಡೆಗೆ ಬಳಸುವ ಮ್ಯಾಗ್ನೀಷಿಯಾ-ಕಾರ್ಬನ್ ಇಟ್ಟಿಗೆಯ ಬಹುಪಾಲು ಮ್ಯಾಗ್ನೀಸಿಯಂ ಆಕ್ಸೈಡ್. ಕಿಟ್ಟಕ್ಕೆ ಅದು ಬೇಕೇ ಬೇಕು; ಹೊರಗಿನಿಂದ ಸಿಗದಿದ್ದರೆ ಕುಲುಮೆಯ ಒಳಗೋಡೆಯನ್ನೇ ಕರಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಕಿಟ್ಟದಲ್ಲಿ ಶೇ 8–10ರಷ್ಟು ಇದ್ದರೆ ಆ ಹಸಿವು ಹೆಚ್ಚುಕಡಿಮೆ ತೀರಿ ಗೋಡೆ ಉಳಿಯುತ್ತದೆ.

ಕೆಲಸ ಕೆಡುವುದು ವಿಂಗಡಣೆಯಲ್ಲಿ. ಲ್ಯಾಡಲ್‌ನ, ಅಂದರೆ ಕರಗಿದ ಉಕ್ಕು ತುಂಬಿಕೊಳ್ಳುವ ಪಾತ್ರೆಯ, ಅಲ್ಯುಮಿನಾ ಇಟ್ಟಿಗೆ ಹೆಚ್ಚು ಬೆರೆತರೆ ಕಿಟ್ಟ ತೆಳುವಾಗಿ, ಗೋಡೆಯನ್ನು ಕಾವಿನಿಂದ ಕಾಯುವ ಅದರ ನೊರೆ ನಿಲ್ಲುವುದಿಲ್ಲ. ಆದ್ದರಿಂದ ಕೆಡವುವಾಗಲೇ ಬೇರೆ ಬೇರೆ ರಾಶಿ ಹಾಕಬೇಕು. ತೀರಾ ನುಣ್ಣಗಿನ ಪುಡಿ ಹೊಗೆಯ ಜೊತೆ ಹಾರಿಹೋಗುತ್ತದೆ.

ರಾಶಿಯನ್ನು ಮಳೆಗೆ ಬಿಡಲೇಬೇಡಿ. ಅಲ್ಯುಮಿನಿಯಂ ಪುಡಿ ಬೆರೆಸಿ ತಯಾರಿಸಿದ ಇಟ್ಟಿಗೆಯಲ್ಲಿ ಕಾವಿಗೆ ಅಲ್ಯುಮಿನಿಯಂ ಕಾರ್ಬೈಡ್ ಹುಟ್ಟಿರುತ್ತದೆ. ನೀರು ತಾಗಿದರೆ ಅದು ಮೀಥೇನ್ ಬಿಡುತ್ತದೆ, ಇಟ್ಟಿಗೆ ಬಿರಿದು ಹಿಟ್ಟಾಗುತ್ತದೆ.