ಇಳಿದ ಮೇಲೆ ಉಳಿದವರು

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ಅದರಲ್ಲಿ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ನ್ಯೂಕಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ 2009ರಲ್ಲಿ ಅಲ್ಲಿನ ಮೊದಲ ಹಂತದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದು, ಮರುವರ್ಷವೇ ಮೇಲೆ ಬಂದ ಕಥೆಯನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ನೀವು ಕೇಳಿದ್ದು ಇಷ್ಟು: ಅಷ್ಟು ದುಡ್ಡಿರುವ ಕ್ಲಬ್ ವಾಪಸ್ ಬಂದರೆ ಅದರಲ್ಲಿ ಹೊಗಳೋಕೆ ಏನಿದೆ? ಆಮೇಲೆ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಆಡುವ ನಿಮ್ಮ ಮಗನ ವಿಷಯ. ಅವನ ತಂಡ ಈ ವರ್ಷ ಕೆಳಗಿನ ಡಿವಿಷನ್‌ಗೆ ಇಳಿದಿದೆ. ಅರ್ಧ ಹುಡುಗರಿಗೆ ಬೇರೆ ತಂಡಗಳಿಂದ ಕರೆ ಬಂದಿದೆ, ಮೊದಲ ಗೋಲ್‌ಕೀಪರ್ ಆಗಲೇ ಹೋಗಿದ್ದಾನೆ. ಎರಡನೇ ಗೋಲ್‌ಕೀಪರ್ ಆದ ನಿಮ್ಮ ಮಗನನ್ನೂ ಒಂದು ದೊಡ್ಡ ತಂಡ ಕರೆದಿದೆ. ಅಲ್ಲೂ ಎರಡನೆಯವನಾಗಿಯೇ. ಏನು ಹೇಳಲಿ ಅವನಿಗೆ ಅಂತ ಕೇಳಿದ್ದೀರಿ.

ದುಡ್ಡಿನ ಮಾತು ನಿಜ. ಆ ವರ್ಷ ಎರಡನೇ ಹಂತದ ಚಾಂಪಿಯನ್‌ಷಿಪ್ ಲೀಗ್‌ನಲ್ಲಿ ಆಟಗಾರರ ಸಂಬಳಕ್ಕೆ ನ್ಯೂಕಾಸಲ್‌ನಷ್ಟು ಖರ್ಚು ಮಾಡಿದ ಕ್ಲಬ್ ಇನ್ನೊಂದಿರಲಿಲ್ಲ. ಮೇಲಿಂದ ಇಳಿದವರಿಗೆ ಟಿವಿ ದುಡ್ಡಿನ ಒಂದು ಪಾಲೂ ಸಿಗುತ್ತದೆ. ಇದನ್ನು ನಮ್ಮ ಲೇಖನದಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನಮ್ಮ ತಪ್ಪು.

ಆದರೆ ಮೇಡಂ, 2009ರಲ್ಲಿ ಇಳಿದದ್ದು ಅದೊಂದೇ ಕ್ಲಬ್ ಅಲ್ಲ ಅಲ್ವಾ? ಜೊತೆಗೆ ವೆಸ್ಟ್ ಬ್ರಾಮ್ ಇಳಿಯಿತು, ಮಿಡಲ್ಸ್‌ಬರೊ ಇಳಿಯಿತು. ಮೂವರಿಗೂ ಮೇಲಿನ ಲೀಗ್‌ನ ಟಿವಿ ಪಾಲು ಇತ್ತು. ನ್ಯೂಕಾಸಲ್, ವೆಸ್ಟ್ ಬ್ರಾಮ್ ಒಂದೇ ವರ್ಷದಲ್ಲಿ ವಾಪಸ್ ಬಂದವು. ಮಿಡಲ್ಸ್‌ಬರೊ ಆ ಸಲ 11ನೇ ಸ್ಥಾನದಲ್ಲಿ ನಿಂತಿತು. ಅವರು ಮತ್ತೆ ಮೇಲೆ ಬಂದದ್ದು 2016ರಲ್ಲಿ. ಅದೂ ಒಂದೇ ವರ್ಷದ ಮಟ್ಟಿಗೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಯೋಚಿಸುವಾಗಲೆಲ್ಲ ನನಗೆ ಒಂದೇ ರಾತ್ರಿ ನೆನಪಾಗುತ್ತದೆ. 2009ರ ಅಕ್ಟೋಬರ್ 20, ಮಂಗಳವಾರ. ಮಿಡಲ್ಸ್‌ಬರೊ ತನ್ನ ಮೈದಾನದಲ್ಲಿ ಡರ್ಬಿ ತಂಡವನ್ನು 2-0ರಿಂದ ಸೋಲಿಸಿತು. ಟೇಬಲ್‌ನಲ್ಲಿ ನಾಲ್ಕನೇ ಸ್ಥಾನ, ಮೊದಲ ಸ್ಥಾನಕ್ಕೆ ಒಂದೇ ಪಾಯಿಂಟ್ ದೂರ. ಆ ಗೆಲುವಿನ ಬೆನ್ನಲ್ಲೇ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಗ್ಯಾರೆತ್ ಸೌತ್‌ಗೇಟ್ ಅವರನ್ನು ಕೆಲಸದಿಂದ ತೆಗೆದರು. ಅದೇ ರಾತ್ರಿ ನ್ಯೂಕಾಸಲ್ ಸ್ಕಂಥಾರ್ಪ್‌ನಂಥ ಚಿಕ್ಕ ಊರಿಗೆ ಹೋಗಿ 2-1ರಿಂದ ಸೋತಿತು. ಮೂರು ದಿನದ ಹಿಂದಷ್ಟೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೈಲೂ ಸೋತಿತ್ತು. ತಂಡ ನೋಡಿಕೊಳ್ಳುತ್ತಿದ್ದ ಕ್ರಿಸ್ ಹ್ಯೂಟನ್ ಆಗ ಹಂಗಾಮಿ ಮ್ಯಾನೇಜರ್. ತೆಗೆಯೋದಿದ್ದರೆ ಅದಕ್ಕಿಂತ ಸುಲಭದ ಸಮಯ ಸಿಗುತ್ತಿರಲಿಲ್ಲ. ಒಂದು ವಾರ ಕಳೆದು, ಅಕ್ಟೋಬರ್ 27ರಂದು, ಅವರನ್ನೇ ಕಾಯಂ ಮಾಡಿದರು.

ಮಿಡಲ್ಸ್‌ಬರೊ ಹೊಸ ಮ್ಯಾನೇಜರ್ ಗಾರ್ಡನ್ ಸ್ಟ್ರಾಕನ್ ಅವರನ್ನು ತಂದಿತು. ಜನವರಿಯಲ್ಲಿ ಸ್ಕಾಟ್ಲೆಂಡಿನಿಂದ ಹೊಸ ಆಟಗಾರರನ್ನು ತಂದಿತು. ನಡುದಾರಿಯಲ್ಲಿ ಹೊಸ ತಂಡ ಕಟ್ಟಲು ಹೊರಟ ಹಾಗಾಯಿತು. ಲೀಗ್‌ನಲ್ಲಿ ನ್ಯೂಕಾಸಲ್ ಮತ್ತೆ ಸೋತದ್ದು ಫೆಬ್ರವರಿಯಲ್ಲಿ ಡರ್ಬಿ ವಿರುದ್ಧ, ಒಂದೇ ಸಲ. 46 ಮ್ಯಾಚ್‌ನಲ್ಲಿ 30 ಗೆಲುವು, 12 ಡ್ರಾ, 4 ಸೋಲು, 102 ಪಾಯಿಂಟ್. ತನ್ನ ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಆ ಲೀಗ್‌ನಲ್ಲಿ ಒಂದೂ ಮ್ಯಾಚ್ ಸೋಲಲಿಲ್ಲ.

ಹ್ಯೂಟನ್ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮ ಲೇಖನದಲ್ಲಿ ಅವರಿಗೆ ಎರಡೇ ಸಾಲು ಸಿಕ್ಕಿತ್ತು. ಲಂಡನ್ನಿನವರು. ತಂದೆ ಘಾನಾದವರು, ತಾಯಿ ಐರ್ಲೆಂಡಿನವರು. ಟಾಟನ್‌ಹ್ಯಾಮ್‌ನಲ್ಲಿ ಡಿಫೆಂಡರ್ ಆಗಿ ಆಡಿ, ಐರ್ಲೆಂಡ್ ತಂಡದಲ್ಲೂ ಆಡಿದವರು. ಕ್ಲಬ್ ಇಳಿದ ವರ್ಷ ಮ್ಯಾನೇಜರ್ ಕೆವಿನ್ ಕೀಗನ್ ಬಿಟ್ಟುಹೋದರು, ಅವರ ಜಾಗಕ್ಕೆ ಬಂದ ಜೋ ಕಿನ್ನಿಯರ್ ಅವರಿಗೆ ಹೃದಯದ ತೊಂದರೆ ಆಯಿತು, ಕೊನೆಯ ಎಂಟು ಮ್ಯಾಚ್‌ಗೆ ಅಲನ್ ಷಿಯರರ್ ಬಂದು ಹೋದರು. ಇಷ್ಟು ಜನ ಬಂದು ಹೋಗುವಾಗ ದಿನಾ ಬೆಳಿಗ್ಗೆ ತರಬೇತಿಗೆ ಬಂದು ನಿಲ್ಲುತ್ತಿದ್ದವರು ಹ್ಯೂಟನ್. ಮಾಲೀಕ ಮೈಕ್ ಆ್ಯಶ್ಲಿ 10 ಕೋಟಿ ಪೌಂಡ್‌ಗೆ ಕ್ಲಬ್ಬನ್ನೇ ಮಾರಾಟಕ್ಕಿಟ್ಟಿದ್ದ ಬೇಸಿಗೆ ಅದು. ಹೊಸ ಆಟಗಾರರನ್ನು ಕೊಳ್ಳಲು ದುಡ್ಡು ಬಿಚ್ಚುವವರು ಯಾರೂ ಇರಲಿಲ್ಲ. ಮೈಕಲ್ ಓವೆನ್, ಮಾರ್ಟಿನ್ಸ್, ಬಸಾಂಗ್, ಬೇಯ್ ಎಲ್ಲ ಒಬ್ಬೊಬ್ಬರಾಗಿ ಹೋದರು.

ಈಗ ನಿಮ್ಮ ಮಗನ ವಿಷಯಕ್ಕೆ ಹತ್ತಿರ ಬರುತ್ತೇನೆ. 2009ರ ಜುಲೈ 25ರಂದು ಒಂದು ಅಭ್ಯಾಸ ಪಂದ್ಯ. ಎದುರಾಳಿ ಮೂರನೇ ಹಂತದ ಲೇಟನ್ ಓರಿಯೆಂಟ್. ನ್ಯೂಕಾಸಲ್ 6-1ರಿಂದ ಸೋತಿತು. ಆಮೇಲೆ ಆಟಗಾರರು ತಮ್ಮತಮ್ಮಲ್ಲೇ ಕೂತು ಮಾತಾಡಿದರು. ಯಾರಿಗೆ ಹೋಗಬೇಕೋ ಅವರು ಈಗಲೇ ಹೇಳಿ ಹೋಗಿ, ಉಳಿಯುವವರು ಪೂರ್ತಿ ಮನಸ್ಸಿಟ್ಟು ಉಳಿಯಿರಿ ಅನ್ನುವುದೇ ಆ ಮಾತಿನ ಸಾರ. ಕೆವಿನ್ ನೋಲನ್, ಸ್ಟೀವ್ ಹಾರ್ಪರ್, ಅಲನ್ ಸ್ಮಿತ್ ಥರದ ಹಿರಿಯರು ಉಳಿದರು. ಅರ್ಜೆಂಟೀನಾದ ಕೊಲೊಚಿನಿ ಉಳಿದರು. ಇಳಿದ ವರ್ಷ ಅವರ ಆಟವನ್ನು ಎಲ್ಲರೂ ಬೈದಿದ್ದರು. ಮುಂದೆ ಅವರು ವರ್ಷಗಟ್ಟಲೆ ಅದೇ ಕ್ಲಬ್ಬಿನ ನಾಯಕರಾದರು. ಪಕ್ಕದ ಗೇಟ್ಸ್‌ಹೆಡ್‌ನ ಹುಡುಗ ಆ್ಯಂಡಿ ಕ್ಯಾರಲ್‌ಗೆ ಆಗಿನ್ನೂ ಇಪ್ಪತ್ತು ವರ್ಷ. ದೊಡ್ಡ ಸ್ಟ್ರೈಕರ್‌ಗಳೆಲ್ಲ ಹೋಗಿದ್ದರಿಂದ ಅವನಿಗೆ ಜಾಗ ಸಿಕ್ಕಿತು. ಲೀಗ್‌ನಲ್ಲಿ ಅವನದು 17 ಗೋಲು, ನೋಲನ್ ಅವರದೂ 17.

ಹೋದವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನ್ಯೂಕಾಸಲ್ ಆಟಗಾರ ಡೇಮಿಯನ್ ಡಫ್ ಅವರನ್ನೇ ನೋಡಿ. 2009ರ ಮೇ 24ರಂದು, ಇಳಿದ ಸೀಸನ್‌ನ ಕೊನೆಯ ಮ್ಯಾಚ್‌ನಲ್ಲಿ, ಆ್ಯಸ್ಟನ್ ವಿಲ್ಲಾ ತಂಡದ ಮೈದಾನವಾದ ವಿಲ್ಲಾ ಪಾರ್ಕ್‌ನಲ್ಲಿ ಡ್ರಾ ಆಗಿದ್ದರೂ ತಂಡ ಉಳಿಯುತ್ತಿತ್ತು. ಎದುರಾಳಿ ಹೊಡೆದ ಚೆಂಡು ಡಫ್ ಕಾಲಿಗೆ ತಾಗಿ ಒಳಗೆ ಹೋಯಿತು. 1-0. ಹದಿನಾರು ವರ್ಷ ಮೇಲಿದ್ದ ಕ್ಲಬ್ ಇಳಿದುಹೋಯಿತು. ಆಗಸ್ಟ್ 8ರಂದು ವೆಸ್ಟ್ ಬ್ರಾಮ್ ವಿರುದ್ಧ ಹೊಸ ಸೀಸನ್‌ನ ಮೊದಲ ಮ್ಯಾಚ್. ಆ ಊರಿನವರೆಲ್ಲ ಮನೆಯ ಹಿರಿಯನಂತೆ ಪ್ರೀತಿಸುತ್ತಿದ್ದ ಮಾಜಿ ಮ್ಯಾನೇಜರ್ ಬಾಬಿ ರಾಬ್ಸನ್ ತೀರಿಕೊಂಡು ಎಂಟೇ ದಿನ ಆಗಿತ್ತು. ಹಿಂದೆ ಬಿದ್ದಿದ್ದ ತಂಡಕ್ಕೆ ಸಮಬಲದ ಗೋಲು ಹೊಡೆದದ್ದು ಅದೇ ಡಫ್. ಕೆಲವೇ ದಿನಗಳಲ್ಲಿ ಅವರು ಫುಲ್‌ಹ್ಯಾಮ್‌ಗೆ ಹೋದರು. ಇದ್ದಷ್ಟು ದಿನ ಮನಸ್ಸಿಟ್ಟು ಆಡಿ ಹೋದರು. ಅದರಲ್ಲಿ ನನಗೆ ತಪ್ಪು ಕಾಣೋದಿಲ್ಲ. ನಿಮ್ಮ ಮಗನ ತಂಡ ಬಿಟ್ಟುಹೋಗುವ ಹುಡುಗರ ಮೇಲೂ ಕೋಪ ಬೇಡ ಅಂತ ಅವನಿಗೆ ಹೇಳಿ.

ಅವನಿಗೆ ಹೇಳಬೇಕಾದ ಮುಖ್ಯ ಕಥೆ ಹಾರ್ಪರ್ ಅವರದು. ಹಾರ್ಪರ್ 1993ರಲ್ಲಿ ನ್ಯೂಕಾಸಲ್ ಸೇರಿದ ಗೋಲ್‌ಕೀಪರ್. ವರ್ಷಗಟ್ಟಲೆ ಶೇ ಗಿವನ್ ಅವರ ಹಿಂದೆ ಎರಡನೆಯವರಾಗಿ ಬೆಂಚಿನ ಮೇಲೆ ಕೂತರು. 2009ರ ಶುರುವಿನಲ್ಲಿ ಗಿವನ್ ಮ್ಯಾಂಚೆಸ್ಟರ್ ಸಿಟಿಗೆ ಹೋದಾಗ ಜಾಗ ಸಿಕ್ಕಿತು, ಸಿಕ್ಕಿದ ವರ್ಷವೇ ಕ್ಲಬ್ ಇಳಿಯಿತು. ಮುಂದಿನ ವರ್ಷ ಕೆಳಗಿನ ಲೀಗ್‌ನಲ್ಲಿ ಅವರು ಹೆಚ್ಚುಕಡಿಮೆ ಪ್ರತಿ ಮ್ಯಾಚೂ ಆಡಿದರು. ತಂಡ 46 ಮ್ಯಾಚ್‌ನಲ್ಲಿ ಬಿಟ್ಟುಕೊಟ್ಟದ್ದು 35 ಗೋಲು ಮಾತ್ರ. ಇಪ್ಪತ್ತು ವರ್ಷ ಒಂದೇ ಕ್ಲಬ್‌ನಲ್ಲಿದ್ದ ಅವರಿಗೆ ಅಂಥ ಸೀಸನ್ ಮತ್ತೆ ಸಿಗಲಿಲ್ಲ.

ಗೋಲ್‌ಕೀಪರ್ ಕಲಿಯೋದು ಮ್ಯಾಚ್‌ನಲ್ಲೇ ಮೇಡಂ. ಕಾರ್ನರ್ ಬಂದಾಗ ಮುಂದೆ ಬರಬೇಕಾ, ಗೆರೆ ಮೇಲೇ ನಿಲ್ಲಬೇಕಾ, ಡಿಫೆಂಡರ್‌ಗೆ ಯಾವಾಗ ಕೂಗಬೇಕು, ಒಂದು ಗೋಲು ಬಿಟ್ಟ ಮೇಲೆ ಉಳಿದ ಅರ್ಧ ಗಂಟೆ ಹೇಗೆ ನಿಲ್ಲಬೇಕು, ಇದ್ಯಾವುದೂ ಬೆಂಚಿನ ಮೇಲೆ ಕೂತರೆ ಬರೋದಿಲ್ಲ. ದೊಡ್ಡ ತಂಡದ ಜೆರ್ಸಿ ಹಾಕಿಕೊಂಡು ಸುಮ್ನೆ ಒಂದು ವರ್ಷ ಕೂರೋದಕ್ಕಿಂತ ಕೆಳಗಿನ ಡಿವಿಷನ್‌ನಲ್ಲಿ ಪ್ರತಿ ಮ್ಯಾಚ್ ಆಡೋದು ಅವನಿಗೆ ಜಾಸ್ತಿ ಕೊಡುತ್ತದೆ ಅಂತ ನನ್ನ ಅನಿಸಿಕೆ. ಆದರೆ ಒಂದು ವಿಷಯ ಕೇಳಿಕೊಳ್ಳಲಿ: ಕೋಚ್ ಉಳಿಯುತ್ತಾರಾ? ಅವರು ಉಳಿಯೋದಾದರೆ ಅವನೂ ಉಳಿಯಲಿ. ಅವರೂ ಹೋಗಿ, ಹೊಸಬರು ಯಾರು ಅಂತಲೇ ಗೊತ್ತಿಲ್ಲದಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳಲಾರೆ. ಏನೇ ಆಗಲಿ, ಲೀಗ್ ಶುರುವಾಗುವ ಮೊದಲೇ ತೀರ್ಮಾನ ಮಾಡಲಿ, ಮಾಡಿ ತಂಡದವರಿಗೆ ತಾನೇ ಹೋಗಿ ಹೇಳಲಿ.

ಬಡ್ತಿ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ಅವನಿಗೆ ಹೇಳಬೇಡಿ. ನ್ಯೂಕಾಸಲ್ ಮೇಲೆ ಬಂದ ಮೇಲೆ ಅಕ್ಟೋಬರ್‌ನಲ್ಲಿ ಬದ್ಧವೈರಿ ಸಂಡರ್‌ಲೆಂಡ್‌ಗೆ 5-1ರಿಂದ ಹೊಡೆಯಿತು. ಡಿಸೆಂಬರ್‌ನಲ್ಲಿ, ತಂಡ ಟೇಬಲ್‌ನ ನಡುವೆ ನೆಮ್ಮದಿಯಾಗಿ ಇದ್ದಾಗಲೇ, ಹ್ಯೂಟನ್ ಅವರನ್ನು ತೆಗೆದುಹಾಕಿದರು. ನನಗೆ ಇವತ್ತಿಗೂ ಅದು ಅನ್ಯಾಯ ಅನಿಸುತ್ತದೆ. 2016ರಲ್ಲಿ ಕ್ಲಬ್ ಮತ್ತೆ ಇಳಿಯಿತು. ಮರುವರ್ಷ ಮತ್ತೆ ಚಾಂಪಿಯನ್ ಆಗಿ ಹತ್ತಿತು, 94 ಪಾಯಿಂಟ್. 93 ಪಾಯಿಂಟ್‌ನೊಂದಿಗೆ ಅದರ ಜೊತೆಗೇ ಹತ್ತಿದ್ದು ಬ್ರೈಟನ್. 1983ರಿಂದ ಮೇಲಿನ ಲೀಗ್ ಕಾಣದ ಆ ಕ್ಲಬ್ಬಿನ ಮ್ಯಾನೇಜರ್ ಇದೇ ಕ್ರಿಸ್ ಹ್ಯೂಟನ್.

ಇನ್ನೊಂದು. 2010ರ ಏಪ್ರಿಲ್ 19ರಂದು ನ್ಯೂಕಾಸಲ್ ಟ್ರೋಫಿ ಗೆದ್ದದ್ದು ಇಂಗ್ಲೆಂಡಿನ ಇನ್ನೊಂದು ತುದಿಯ ಪ್ಲಿಮತ್‌ನಲ್ಲಿ, 2-0ರಿಂದ. ಅದೇ ಸೋಲಿನಿಂದ ಪ್ಲಿಮತ್ ಕೆಳಗಿಳಿಯಿತು. ಮರುವರ್ಷ ಇನ್ನೂ ಒಂದು ಹಂತ ಇಳಿಯಿತು. ಆ ಲೀಗ್‌ಗೆ, ಅಂದರೆ ಚಾಂಪಿಯನ್‌ಷಿಪ್‌ಗೆ, ಅದು ವಾಪಸ್ ಬಂದದ್ದು 2023ರಲ್ಲಿ. ಹದಿಮೂರು ವರ್ಷ ಆ ಮೈದಾನಕ್ಕೆ ಹೋಗುತ್ತಲೇ ಇದ್ದವರ ಕಥೆಯನ್ನು ನಾವು ಹಾಕಿಲ್ಲ, ನಿಮ್ಮ ಪತ್ರ ಬಂದ ಮೇಲೆ ಹಾಕಬೇಕು ಅನಿಸಿದೆ. ಮುಂದಿನ ಸಂಚಿಕೆಗೆ ಬರೆಸುತ್ತಿದ್ದೇನೆ.

ಮಗ ಉಳಿಯುವುದಾದರೆ ಮೊದಲ ಮ್ಯಾಚ್ ಯಾವತ್ತು ಅಂತ ಒಂದು ಸಾಲು ಬರೆದು ತಿಳಿಸಿ. ಬೆಳಿಗ್ಗೆ ಮ್ಯಾಚ್ ಆದರೂ ಬರುತ್ತೇನೆ, ಗೋಲ್‌ಪೋಸ್ಟ್ ಹಿಂದೆ ನಿಂತು ನೋಡುತ್ತೇನೆ.

ಸಂಪಾದಕ